ಲೂಪ್ ಮುಗಿದ ಮೇಲೆ ಒಮ್ಮೆ ಮೂಗು ಮೇಲೆ, ಒಮ್ಮೆ ಕೆಳಗೆ: ಯಾವ ಸರ್ವೋ ಹಾಕಲಿ?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದವನು. ಎರಡು ವರ್ಷ ರೇಡಿಯೋದಿಂದ ಓಡಿಸುವ ಟ್ರೈನರ್ (ಕಲಿಯುವವರ) ಮಾಡೆಲ್ ವಿಮಾನ ಹಾರಿಸಿ ಕೈ ಪಳಗಿದ ಮೇಲೆ ಈಗ ಬಾಲ್ಸಾ ಕಟ್ಟಿಗೆಯಲ್ಲಿ ಎಕ್ಸ್‌ಟ್ರಾ 300 ಅನ್ನುವ ಕಸರತ್ತಿನ ವಿಮಾನದ ಮಾಡೆಲ್ ಕಟ್ಟಿದ್ದೇನೆ. ರೆಕ್ಕೆ 1.2 ಮೀಟರ್, ಹಾರುವಾಗಿನ ತೂಕ 1.1 ಕೆ.ಜಿ. 3ಎಸ್ (ಮೂರು ಸೆಲ್) 2200 ಬ್ಯಾಟರಿ, 40 ಆಂಪಿಯರ್ ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸುವ ಬೋರ್ಡ್), ಫ್ಲೈಸ್ಕೈ ಐ6 ರೇಡಿಯೋ. ಟ್ರೈನರ್‌ನಲ್ಲಿದ್ದ ನಾಲ್ಕು ಎಸ್‌ಜಿ90 ಸರ್ವೋಗಳನ್ನೇ (ರೆಕ್ಕೆ, ಬಾಲದ ಪಟ್ಟಿಗಳನ್ನು ತಿರುಗಿಸುವ ಪುಟ್ಟ ಮೋಟರ್ ಪೆಟ್ಟಿಗೆಗಳು) ಇದಕ್ಕೂ ಹಾಕಿದ್ದೇನೆ. ಲೂಪ್ (ಮೇಲೆದ್ದು ಪೂರ್ತಿ ಒಂದು ಸುತ್ತು) ಮುಗಿಸಿ ಸ್ಟಿಕ್ ಬಿಟ್ಟರೆ ಒಮ್ಮೆ ಮೂಗು ಮೇಲೇಳುತ್ತದೆ, ಮತ್ತೊಮ್ಮೆ ಕೆಳಗಿಳಿಯುತ್ತದೆ. ಟ್ರಿಮ್ ಮಾಡಿ ಮಾಡಿ (ರೇಡಿಯೋದಲ್ಲಿ ನಡು ಸ್ಥಾನ ಚೂರು ಚೂರು ತಿದ್ದಿ) ಸಾಕಾಗಿದೆ. ಸರ್ವೋದಲ್ಲಿ ದಮ್ಮಿಲ್ಲ, ಎಂಜಿ996ಆರ್ ಹಾಕು ಅಂತ ಗೆಳೆಯ ಹೇಳುತ್ತಾನೆ. ಯಾವುದು ತಗೊಳ್ಳಲಿ? ಡಿಜಿಟಲ್ಲೇ ಬೇಕಾ? ಮುಂದೆ ಹೋವರಿಂಗ್ (ಮೂಗು ಮೇಲೆ ಮಾಡಿ ಗಾಳಿಯಲ್ಲೇ ನಿಲ್ಲಿಸುವುದು) ಕಲಿಯುವ ಆಸೆಯೂ ಇದೆ.

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. "ಒಮ್ಮೆ ಮೇಲೆ, ಮತ್ತೊಮ್ಮೆ ಕೆಳಗೆ" ಅಂದಿದ್ದೀರಲ್ಲ, ಅದು. ಸರ್ವೋಗೆ ಬಲ ಸಾಲದಿದ್ದರೆ ಕಾಯಿಲೆ ಹೀಗೆ ಕಾಣಿಸುವುದಿಲ್ಲ. ಆಗ ನಿಧಾನವಾಗಿ ಹಾರುವಾಗ ವಿಮಾನ ಚುರುಕಾಗಿರುತ್ತದೆ, ಜೋರಾಗಿ ಡೈವ್ ಹೊಡೆದು ಎಲಿವೇಟರ್ (ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ) ಎಳೆದರೆ ಸೋಮಾರಿಯಂತೆ ಏಳುತ್ತದೆ. ಸರ್ವೋ ತಿರುಗಿಸಿದ ಸರ್ಫೇಸನ್ನು, ಅಂದರೆ ಆ ಪಟ್ಟಿಯನ್ನು, ಗಾಳಿ ವಾಪಸ್ ತಳ್ಳಿರುತ್ತದೆ. ಲೂಪ್ ದೊಡ್ಡದಾಗುತ್ತದೆ. ಪ್ರತಿ ಸಲವೂ ಹಾಗೇ ಆಗುತ್ತದೆ. ನಿಮ್ಮದು ಹಾಗಲ್ಲ. ಒಂದೊಂದು ಸಲ ಒಂದೊಂದು ಥರ. ಅಂದರೆ ಸ್ಟಿಕ್ ನಡುವಿಗೆ ಬಂದಾಗ ನಿಮ್ಮ ಎಲಿವೇಟರ್ ಪ್ರತಿ ಸಲ ಬೇರೆ ಬೇರೆ ಜಾಗಕ್ಕೆ ಬಂದು ನಿಲ್ಲುತ್ತಿದೆ. ಸಂಜೆಯಾದರೆ ದನ ತಾನಾಗಿಯೇ ಕೊಟ್ಟಿಗೆಗೆ ಬಂದು ತನ್ನ ಗೂಟದ ಹತ್ತಿರವೇ ನಿಲ್ಲುತ್ತದಲ್ಲ, ಸರ್ವೋ ಹಾಗಿರಬೇಕು. ನಿಮ್ಮದು ಕೊಟ್ಟಿಗೆಗೇನೋ ಬರುತ್ತಿದೆ, ಗೂಟ ಮರೆತಿದೆ.

ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ನನ್ನ ಮೊದಲ ಏರೋಬ್ಯಾಟಿಕ್ ವಿಮಾನಕ್ಕೂ ಇದೇ ಆಗಿತ್ತು. ಎರಡು ಭಾನುವಾರ ಪೂರ್ತಿ ಟ್ರಿಮ್ ಮಾಡಿದೆ. ಗಾಳಿಯನ್ನು ಬೈದೆ, ಬ್ಯಾಟರಿ ಮುಂದಕ್ಕೆ ಹಾಕಿದೆ, ಹಿಂದಕ್ಕೆ ಹಾಕಿದೆ. ಕೊನೆಗೆ ಒಂದು ಪೊರಕೆ ಕಡ್ಡಿ ಸತ್ಯ ಹೇಳಿತು. ಅದನ್ನು ಆಮೇಲೆ ವಿವರಿಸುತ್ತೇನೆ.

ಮೊದಲು ಗೆಳೆಯರ ಸಲಹೆ ನೋಡೋಣ. ಎಂಜಿ996ಆರ್ ಒಂದರ ತೂಕ 55 ಗ್ರಾಂ. ಎಸ್‌ಜಿ90 ಬರೀ 9 ಗ್ರಾಂ. ನಾಲ್ಕನ್ನೂ ಬದಲಿಸಿದರೆ 184 ಗ್ರಾಂ ಜಾಸ್ತಿ. ನಿಮ್ಮ 3ಎಸ್ 2200 ಬ್ಯಾಟರಿಯ ತೂಕವೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಅಂದರೆ ವಿಮಾನ ಸುಮ್ನೆ ಇನ್ನೊಂದು ಬ್ಯಾಟರಿ ಹೊತ್ತುಕೊಂಡು ಲೂಪ್ ಹೊಡೆಯಬೇಕು. ಅದರಲ್ಲೂ ಎಲಿವೇಟರ್ ಸರ್ವೋ ಬಾಲದ ಹತ್ತಿರ ಇದ್ದರೆ ಕಥೆ ಇನ್ನೂ ಕೆಟ್ಟದು. ತೂಕದ ಕೇಂದ್ರದಿಂದ 55 ಸೆಂ.ಮೀ ಹಿಂದೆ 46 ಗ್ರಾಂ ಸೇರಿಸಿದಿರಿ ಅಂದುಕೊಳ್ಳಿ. ಅದನ್ನು ಸರಿದೂಗಿಸಲು 180 ಗ್ರಾಂ ಬ್ಯಾಟರಿಯನ್ನು 14 ಸೆಂ.ಮೀ ಮುಂದಕ್ಕೆ ತಳ್ಳಬೇಕು. ಅಷ್ಟು ಜಾಗ ಎಲ್ಲಿದೆ? ಅಲ್ಲಿ ಮೋಟರ್ ಕೂತಿದೆ. ಇನ್ನು ಅದರ ವೇಗ, 6 ವೋಲ್ಟ್‌ನಲ್ಲಿ 60 ಡಿಗ್ರಿ ತಿರುಗಲು 0.14 ಸೆಕೆಂಡ್. ನಿಮ್ಮ ಈಗಿನ ಸರ್ವೋ ಕಾಗದದ ಮೇಲೆ ಅದಕ್ಕಿಂತ ಚುರುಕು. ಎಂಜಿ996ಆರ್ ರೋಬಾಟ್ ಕೈಗೆ, ದೊಡ್ಡ ಕಾರಿನ ಸ್ಟೀರಿಂಗ್‌ಗೆ ಸರಿ. ನಿಮ್ಮ ವಿಮಾನಕ್ಕೆ ಅದು ಇಲಿ ಹಿಡಿಯಲು ಆನೆ ತಂದ ಹಾಗೆ.

ಈಗ ಒಂದು ತಮಾಷೆ ನೋಡಿ. ಎಸ್‌ಜಿ90ರ ಬಲ 4.8 ವೋಲ್ಟ್‌ನಲ್ಲಿ 1.8 ಕೆ.ಜಿ-ಸೆಂ.ಮೀ (ನಡುವಿನಿಂದ 1 ಸೆಂ.ಮೀ ದೂರದಲ್ಲಿ 1.8 ಕೆ.ಜಿ ಎಳೆಯುವಷ್ಟು) ಅಂತ ಬರೆದಿರುತ್ತಾರೆ. ಹಲವು ಪಟ್ಟು ಬೆಲೆಯ, ಹೈಟೆಕ್ ಕಂಪನಿಯ ಎಚ್‌ಎಸ್-65ಎಂಜಿ ಸರ್ವೋಗೂ 4.8 ವೋಲ್ಟ್‌ನಲ್ಲಿ ಬರೆದಿರುವುದು ಅದೇ 1.8! ವೇಗದಲ್ಲಂತೂ ಕಾಗದದ ಮೇಲೆ ಎಸ್‌ಜಿ90ಯೇ ಮುಂದು. ಬರೀ ಲೇಬಲ್ ನೋಡಿ ಸರ್ವೋ ತಗೊಳ್ಳುವುದಾದರೆ ಜಾಸ್ತಿ ದುಡ್ಡು ಕೊಡುವವರು ದಡ್ಡರು ಅನ್ನಬೇಕು. ಆದರೆ ವಿಮಾನ ಎರಡರ ವ್ಯತ್ಯಾಸವನ್ನು ಮೊದಲ ಲೂಪ್‌ನಲ್ಲೇ ಹೇಳಿಬಿಡುತ್ತದೆ. ಯಾಕೆ ಅಂದರೆ ಲೇಬಲ್ ಮೇಲೆ ಬರೆಯದ ಎರಡು ಗುಣಗಳೇ ಏರೋಬ್ಯಾಟಿಕ್ಸ್‌ನಲ್ಲಿ ಮುಖ್ಯ. ಒಂದು, ನಡುವಿಗೆ ಸರಿಯಾಗಿ ವಾಪಸ್ ಬರುವುದು. ಇನ್ನೊಂದು, ಗೇರ್‌ನಲ್ಲಿ ಸಡಿಲ ಇಲ್ಲದಿರುವುದು.

ಸರ್ವೋ ಒಳಗೆ ಏನಿದೆ? ಪುಟ್ಟ ಮೋಟರ್, ನಾಲ್ಕೈದು ಗೇರ್, ಒಂದು ಸರ್ಕ್ಯೂಟ್ ಬೋರ್ಡ್, ಜೊತೆಗೆ ಒಂದು ಪೊಟೆನ್ಷಿಯೋಮೀಟರ್. ಈ ಪೊಟೆನ್ಷಿಯೋಮೀಟರ್ ಹಳೇ ರೇಡಿಯೋದ ವಾಲ್ಯೂಮ್ ಗುಂಡಿಯ ತಮ್ಮ. ತೋಳು ಈಗ ಎಲ್ಲಿದೆ ಅಂತ ಬೋರ್ಡಿಗೆ ಹೇಳುವುದು ಇದೇ. ವಿಮಾನದೊಳಗಿನ ರಿಸೀವರ್ ಪ್ರತಿ 20 ಮಿಲಿಸೆಕೆಂಡಿಗೆ ಒಂದು ಪಲ್ಸ್ ಕಳಿಸುತ್ತದೆ. ಪಲ್ಸ್ 1.5 ಮಿಲಿಸೆಕೆಂಡ್ ಇದ್ದರೆ ನಡು, 1 ಇದ್ದರೆ ಒಂದು ತುದಿ, 2 ಇದ್ದರೆ ಇನ್ನೊಂದು ತುದಿ. ಒಟ್ಟು 1000 ಮೈಕ್ರೋಸೆಕೆಂಡ್‌ಗೆ ಸುಮಾರು 90 ಡಿಗ್ರಿ ಓಟ. ಒಂದು ಡಿಗ್ರಿಗೆ 11 ಮೈಕ್ರೋಸೆಕೆಂಡ್ ಆಯಿತು. ಎಸ್‌ಜಿ90ರ ಡೆಡ್‌ಬ್ಯಾಂಡ್ 10 ಮೈಕ್ರೋಸೆಕೆಂಡ್. ಅಂದರೆ ಸುಮಾರು ಒಂದು ಡಿಗ್ರಿಯಷ್ಟು ವ್ಯತ್ಯಾಸವಿದ್ದರೂ ಅದು "ಸರಿಯಾಗಿದೆ ಬಿಡು" ಅಂತ ಸುಮ್ಮನಿರುತ್ತದೆ. ಇದು ಹೊಸ ಸರ್ವೋದ ಮಾತು. ನಿಮ್ಮವು ಟ್ರೈನರ್‌ನಲ್ಲಿ ಎರಡು ವರ್ಷ ದುಡಿದಿವೆ. ವಿಮಾನ ನೆಟ್ಟಗೆ ಹಾರುವಾಗೆಲ್ಲ ಪೊಟೆನ್ಷಿಯೋಮೀಟರ್ ನಡುವಿನಲ್ಲೇ ಚೂರು ಚೂರು ಓಡಾಡುತ್ತಿರುತ್ತದೆ. ಸವೆಯುವುದೂ ಅಲ್ಲೇ. ನಮಗೆ ಬಹಳ ಬೇಕಾದ ಜಾಗವೇ ಮೊದಲು ಸವೆಯುವುದು!

ಟ್ರೈನರ್‌ನಲ್ಲಿ ಇದು ಯಾಕೆ ಗೊತ್ತಾಗಲಿಲ್ಲ ಅಂತ ಕೇಳಬಹುದು. ಟ್ರೈನರ್ ತಾನಾಗಿಯೇ ಸರಿಹೋಗುವ ವಿಮಾನ. ತೂಕದ ಕೇಂದ್ರ ಮುಂದಿರುತ್ತದೆ, ಎಲಿವೇಟರ್ ಸಣ್ಣದು. ಎಕ್ಸ್‌ಟ್ರಾ ಹಾಗಲ್ಲ. ಎಲ್ಲಿ ತಿರುಗಿಸಿದರೆ ಅಲ್ಲೇ ಇರಲಿ ಅಂತಲೇ ಅದನ್ನು ಮಾಡಿರುವುದು. ಎಲಿವೇಟರ್‌ನ ಅರ್ಧ ಡಿಗ್ರಿಯನ್ನೂ ಅದು ಆಜ್ಞೆ ಅಂತಲೇ ತಿಳಿದುಕೊಳ್ಳುತ್ತದೆ.

ಈಗ ಪೊರಕೆ ಕಡ್ಡಿಗೆ ಬರೋಣ. ಮೊದಲು ಪ್ರೊಪೆಲ್ಲರ್ ಬಿಚ್ಚಿಡಿ. ಇದನ್ನು ಮರೆತು ಬೆರಳು ಕತ್ತರಿಸಿಕೊಂಡವರು ಇದ್ದಾರೆ. ಸರ್ವೋವನ್ನು ಹೊರಗೆ ತೆಗೆದು ಮೇಜಿನ ಅಂಚಿಗೆ ಡಬಲ್ ಟೇಪ್ ಹಾಕಿ ಗಟ್ಟಿಯಾಗಿ ಕೂರಿಸಿ. ತೆಂಗಿನ ಕಡ್ಡಿ ಪೊರಕೆಯಿಂದ ನೆಟ್ಟಗಿರುವ ಒಂದು ಕಡ್ಡಿ ಎಳೆದು, ಸರ್ವೋದ ನಡುವಿನಿಂದ ತುದಿಗೆ 15 ಸೆಂ.ಮೀ ಬರುವ ಹಾಗೆ ತೋಳಿಗೆ ಅಂಟಿಸಿ. ಕಡ್ಡಿಯ ತುದಿಯ ಕೆಳಗೆ ಒಂದು ಬಿಳಿ ಹಾಳೆ. ಸ್ಟಿಕ್ಕನ್ನು ಒಂದು ಕಡೆ ಪೂರ್ತಿ ಒತ್ತಿ, ನಿಧಾನಕ್ಕೆ ನಡುವಿಗೆ ತಂದು ಬಿಡಿ. ಟಕ್ ಅಂತ ಬಿಡಬೇಡಿ, ಸ್ಪ್ರಿಂಗ್ ಆಚೆ ದಾಟಿ ಈಚೆ ಬರುತ್ತದೆ. ಕಡ್ಡಿ ನಿಂತಲ್ಲಿ ಪೆನ್ಸಿಲ್‌ನಲ್ಲಿ ಒಂದು ಗೆರೆ. ಈಗ ಇನ್ನೊಂದು ಕಡೆಯಿಂದ ಅದೇ ರೀತಿ ತನ್ನಿ, ಇನ್ನೊಂದು ಗೆರೆ. ಹತ್ತು ಸಲ ಮಾಡಿ. 15 ಸೆಂ.ಮೀ ಕಡ್ಡಿಯ ತುದಿಯಲ್ಲಿ 2.6 ಮಿ.ಮೀ ಅಂದರೆ ಒಂದು ಡಿಗ್ರಿ. ಎರಡು ಗುಂಪಿನ ಗೆರೆಗಳ ಅಂತರ 1 ಮಿ.ಮೀ ಒಳಗಿದ್ದರೆ ಆ ಸರ್ವೋ ಎಲಿವೇಟರ್‌ಗೆ ಯೋಗ್ಯ. ಆ ಭಾನುವಾರ ನನ್ನ ಸರ್ವೋದಲ್ಲಿ 6 ಮಿ.ಮೀ ಬಂದಿತ್ತು. ಎರಡು ಡಿಗ್ರಿಗಿಂತ ಜಾಸ್ತಿ! ಅದನ್ನು ಟ್ರಿಮ್‌ನಲ್ಲಿ ಸರಿಮಾಡಲು ಹೊರಟಿದ್ದೆ ನಾನು.

ಕಡ್ಡಿ ನಿಂತ ಮೇಲೆ ತುದಿಯನ್ನು ಬೆರಳಲ್ಲಿ ಮೆತ್ತಗೆ ಆಚೀಚೆ ಆಡಿಸಿ. ಸರ್ವೋ ಎದುರಾಡುವ ಮೊದಲೇ ಎಷ್ಟು ಅಲುಗುತ್ತದೆ? ಅದು ಗೇರ್‌ನ ಸಡಿಲ. ಇದೂ ಅಷ್ಟೇ, ಕಮ್ಮಿ ಇದ್ದಷ್ಟು ಒಳ್ಳೇದು.

ಸರ್ವೋ ಮೇಲೆ ತಪ್ಪು ಹೊರಿಸುವ ಮೊದಲು ಒಂದು ನ್ಯಾಯ ಮಾಡಿ. ರೇಡಿಯೋದಲ್ಲಿ ಸರ್ವೋ ಓಟ ತೋರಿಸುವ ಪರದೆ ತೆರೆದು ಸ್ಟಿಕ್ ಬಿಟ್ಟು ನೋಡಿ. ಅಲ್ಲೇ ಗೆರೆ ನಡುವಿಗೆ ಬರದಿದ್ದರೆ ಕಳ್ಳ ಸ್ಟಿಕ್. ಆಮೇಲೆ ಪುಶ್‌ರಾಡ್, ಅಂದರೆ ಸರ್ವೋ ತೋಳಿನಿಂದ ಸರ್ಫೇಸಿಗೆ ಹೋಗುವ ತಂತಿ, ನೋಡಿ. ಪ್ಲಾಸ್ಟಿಕ್ ತೋಳಿನ ತೂತು ತಂತಿಗಿಂತ ಅರ್ಧ ಮಿ.ಮೀ ದೊಡ್ಡದಿದೆ ಅಂದುಕೊಳ್ಳಿ. ತೋಳು 10 ಮಿ.ಮೀ ಉದ್ದ ಇದ್ದರೆ ಆ ಅರ್ಧ ಮಿ.ಮೀ ಹತ್ತಿರ ಹತ್ತಿರ ಮೂರು ಡಿಗ್ರಿ ಸಡಿಲ. ಅಂಥ ತೂತಿಗೆ ಸಾವಿರಾರು ರೂಪಾಯಿಯ ಸರ್ವೋ ಜೋಡಿಸಿದರೂ ದಂಡ. ತಂತಿಗೆ ತಕ್ಕ ಡ್ರಿಲ್ ಬಿಟ್‌ನಲ್ಲಿ ಕೈಯಲ್ಲೇ ತಿರುಗಿಸಿ ತೂತು ಮಾಡಿ, ಝಡ್ ಆಕಾರಕ್ಕೆ ಬಗ್ಗಿಸಿದ ತಂತಿ ಬಿಗಿಯಾಗಿ ಕೂರಬೇಕು. ಸರ್ವೋದ ಕಿವಿಗಳಿಗೆ ಹಾಕಿದ ಸ್ಕ್ರೂ ಬಾಲ್ಸಾದಲ್ಲಿ ಅಲ್ಲಾಡುತ್ತಿದ್ದರೆ ಕೆಳಗೆ ಪ್ಲೈವುಡ್ ಪಟ್ಟಿ ಕೊಡಿ. ಸ್ಕ್ರೂ ತೂತಿಗೆ ಒಂದು ಹನಿ ತೆಳು ಸಿಎ ಅಂಟು (ಸೂಪರ್ ಗ್ಲೂ) ಬಿಟ್ಟು, ಒಣಗಿದ ಮೇಲೆ ಬಿಗಿಯಿರಿ.

ಬಲದ ಲೆಕ್ಕ ಬೇಡವೇ ಬೇಡ ಅಂತಲ್ಲ. ಬೇಕು, ಆದರೆ ಊಹೆಯಲ್ಲಲ್ಲ. ಹಾರುವ ವೇಗದಿಂದ ಬರುವ ಗಾಳಿಯ ಒತ್ತಡವನ್ನು ಸರ್ಫೇಸಿನ ವಿಸ್ತೀರ್ಣದಿಂದ ಗುಣಿಸಿ. ಅದನ್ನು ಹಿಂಜ್‌ನಿಂದ ಹಿಂದಿನ ಅಂಚಿನವರೆಗಿನ ಅಗಲದ ಅರ್ಧದಿಂದ ಗುಣಿಸಿ. ಕೊನೆಗೆ ಸರ್ಫೇಸ್ ತಿರುಗಿದ ಕೋನದ ಸೈನ್‌ನಿಂದ ಗುಣಿಸಿ. ಬರುವುದು ಹಿಂಜ್ ಮೇಲಿನ ತಿರುಚು ಬಲ. ಇದು ಸ್ವಲ್ಪ ಜಾಸ್ತಿಯೇ ತೋರಿಸುವ ಲೆಕ್ಕ. ನಿಜವಾಗಿ ಒತ್ತಡ ಹಿಂಜ್ ಕಡೆ ಹೆಚ್ಚಿರುತ್ತದೆ, ಅಂಚಿನ ಕಡೆ ಕಡಿಮೆ. ಜಾಸ್ತಿ ತೋರಿಸಿದರೆ ನಮಗೇ ಕ್ಷೇಮ.

ನಿಮ್ಮ ಅಳತೆಯ ವಿಮಾನದಲ್ಲಿ ಐಲೆರಾನ್ (ವಿಮಾನವನ್ನು ಪಕ್ಕಕ್ಕೆ ಉರುಳಿಸುವ ರೆಕ್ಕೆಯ ಪಟ್ಟಿ) ಸುಮಾರು 45 ಸೆಂ.ಮೀ ಉದ್ದ, 7 ಸೆಂ.ಮೀ ಅಗಲ ಇರುತ್ತದೆ. ವೇಗ ಗಂಟೆಗೆ 90 ಕಿ.ಮೀ, ಅಂದರೆ ಸೆಕೆಂಡಿಗೆ 25 ಮೀಟರ್. ಕೋನ 25 ಡಿಗ್ರಿ. ಲೆಕ್ಕ ಹಾಕಿದರೆ 1.8 ಕೆ.ಜಿ-ಸೆಂ.ಮೀ ಬರುತ್ತದೆ. ಈಗ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ನೋಡಿ. ಉದ್ದ ಬರೀ 25 ಸೆಂ.ಮೀ, ಅಗಲ 12. ನೈಫ್ ಎಡ್ಜ್‌ನಲ್ಲಿ (ಒಂದು ರೆಕ್ಕೆ ಮೇಲೆ, ಒಂದು ಕೆಳಗೆ ಮಾಡಿ ಹಾರುವಾಗ) ವೇಗ ಕಡಿಮೆ, ಗಂಟೆಗೆ 72 ಕಿ.ಮೀ ಇಟ್ಟುಕೊಳ್ಳೋಣ. ಆದರೆ ಕೋನ 40 ಡಿಗ್ರಿ. ಬರುವುದು 2.9! ಹೊಸಬರೆಲ್ಲ ರಡ್ಡರ್‌ಗೆ ಅಂತ ಡಬ್ಬದಲ್ಲಿ ಉಳಿದ ಬಡಪಾಯಿ ಸರ್ವೋ ಹಾಕುತ್ತಾರೆ. ಬಲ ಅಲ್ಲೇ ಜಾಸ್ತಿ ಬೇಕು. ಕಾರಣ, ಉದ್ದ ಎರಡು ಪಟ್ಟಾದರೆ ಹೊರೆ ಎರಡು ಪಟ್ಟು, ಅಗಲ ಎರಡು ಪಟ್ಟಾದರೆ ಹೊರೆ ನಾಲ್ಕು ಪಟ್ಟು. ವೇಗವೂ ಹಾಗೇ, ಎರಡು ಪಟ್ಟಾದರೆ ನಾಲ್ಕು ಪಟ್ಟು. ಇಷ್ಟನ್ನು ನೆನಪಿಟ್ಟುಕೊಂಡರೆ ಯಾವ ವಿಮಾನ ಕಂಡರೂ ಯಾವ ಸರ್ಫೇಸಿಗೆ ದೊಡ್ಡ ಸರ್ವೋ ಬೇಕು ಅಂತ ಕಣ್ಣಳತೆಯಲ್ಲೇ ಹೇಳಬಹುದು.

ಲೇಬಲ್ ಮೇಲಿನ ಕೆ.ಜಿ ಅಂದರೆ ಸರ್ವೋ ಇನ್ನು ಅಲ್ಲಾಡಲಾರೆ ಅಂತ ನಿಂತುಬಿಡುವಾಗಿನ ಬಲ. ಅಲ್ಲೇ ದುಡಿಸಿದರೆ ಮೋಟರ್ ಸುಟ್ಟುಹೋಗುತ್ತದೆ. ಚೀಲ ಎತ್ತುವವರಿಗೆ ಒಂದು ಸಲ ನೂರು ಕೆ.ಜಿ ಎತ್ತಲು ಆಗಬಹುದು, ದಿನವಿಡೀ ಎತ್ತುವುದು ಐವತ್ತೇ ಅಲ್ವಾ? ಲೆಕ್ಕದಲ್ಲಿ ಬಂದ ಸಂಖ್ಯೆಗಿಂತ ಒಂದಿಷ್ಟು ಮೇಲಿರುವುದನ್ನೇ ಹುಡುಕಿ.

ಇಲ್ಲೇ ಪುಕ್ಕಟೆ ಬಲ ಸಿಗುವ ಒಂದು ದಾರಿಯೂ ಇದೆ. ಬಹಳ ಜನ ಸರ್ವೋ ತೋಳಿನ ಹೊರಗಿನ ತೂತಿಗೆ ಪುಶ್‌ರಾಡ್ ಹಾಕುತ್ತಾರೆ. ಸರ್ಫೇಸ್ ಜಾಸ್ತಿ ತಿರುಗುತ್ತದೆ. ಆಮೇಲೆ ರೇಡಿಯೋದಲ್ಲಿ ಶೇಕಡಾ 50ಕ್ಕೆ ಇಳಿಸುತ್ತಾರೆ. ಇದು ದುಂದು. ಸರ್ವೋದ ಅರ್ಧ ಓಟ ವ್ಯರ್ಥ, ಗೇರ್‌ನ ಸಡಿಲ ಪೂರ್ತಿ ಸರ್ಫೇಸಿಗೆ. ಬದಲಿಗೆ ಸರ್ವೋ ಕಡೆ 10 ಮಿ.ಮೀ ತೂತು, ಸರ್ಫೇಸಿನ ಹಾರ್ನ್ (ಪುಶ್‌ರಾಡ್ ಸಿಕ್ಕಿಸುವ ಕೊಂಬು) ಕಡೆ 20 ಮಿ.ಮೀ ತೂತು ಬಳಸಿ. ಸರ್ವೋ 45 ಡಿಗ್ರಿ ಓಡಿದಾಗ ಸರ್ಫೇಸ್ ಸುಮಾರು 20 ಡಿಗ್ರಿ ಓಡುತ್ತದೆ. ಲೂಪ್, ರೋಲ್, ಸ್ಟಾಲ್ ಟರ್ನ್‌ಗೆ ಅದು ಧಾರಾಳ. ಬಲ ಹೆಚ್ಚುಕಮ್ಮಿ ದುಪ್ಪಟ್ಟು, ಸಡಿಲ ಅರ್ಧ. ಒಂದು ಪೈಸೆ ಖರ್ಚಿಲ್ಲ. ಹೋವರಿಂಗ್‌ಗೆ ಬಂದಾಗ ಮಾತ್ರ ಎಲಿವೇಟರ್, ರಡ್ಡರ್ 45 ಡಿಗ್ರಿವರೆಗೂ ಓಡಬೇಕು. ಆಗ ಎರಡೂ ಕಡೆ ಸಮ ಉದ್ದ ಬೇಕು, ಈ ಪುಕ್ಕಟೆ ಬಲ ಹೋಗುತ್ತದೆ. ಅದಕ್ಕೇ ಹೋವರಿಂಗ್ ಮಾಡುವವರು ಒಂದು ಮೆಟ್ಟಿಲು ಮೇಲಿನ ಸರ್ವೋ ಹಾಕುವುದು. ನೀವೂ ಆ ಆಸೆ ಇಟ್ಟುಕೊಂಡಿದ್ದೀರಿ. ಹಾಗಾಗಿ ಕೊಳ್ಳುವಾಗ ಅದಕ್ಕೇ ಕೊಳ್ಳಿ, ತೂತು ಮಾತ್ರ ಸದ್ಯಕ್ಕೆ ಒಳಗಿನದನ್ನೇ ಬಳಸಿ.

ವೇಗದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಅಳತೆಗೆ 60 ಡಿಗ್ರಿಗೆ 0.10ರಿಂದ 0.12 ಸೆಕೆಂಡ್ ಸಾಕು. 0.20ರ ಸರ್ವೋದಲ್ಲಿ ಹೋವರ್ ಕಲಿಯಲು ಹೋದರೆ ನೀವು ತಿದ್ದಿದ್ದು ವಿಮಾನಕ್ಕೆ ತಲುಪುವಷ್ಟರಲ್ಲಿ ಅದು ಬೇರೆ ಕಡೆ ವಾಲಿರುತ್ತದೆ. ಕೊನೆಗೆ ನಿಮ್ಮ ಕೈಯೇ ವಿಮಾನವನ್ನು ತೂಗಾಡಿಸುತ್ತದೆ.

ಡಿಜಿಟಲ್ ಬೇಕಾ ಅಂದಿರಿ. ಅನಲಾಗ್ ಸರ್ವೋ ಮೋಟರ್‌ಗೆ ಸೆಕೆಂಡಿಗೆ 50 ಸಲ ಕರೆಂಟ್ ಕೊಡುತ್ತದೆ. ತೋಳು ಸ್ವಲ್ಪವೇ ಸರಿದಿದ್ದರೆ ಕೊಡುವ ಕರೆಂಟೂ ಸ್ವಲ್ಪವೇ. ಹಾಗಾಗಿ ನಡುವಿನ ಹತ್ತಿರ ಅದರ ಹಿಡಿತ ಮೆತ್ತಗೆ. ಡಿಜಿಟಲ್ ಸೆಕೆಂಡಿಗೆ 300 ಸಲ ಅಥವಾ ಅದಕ್ಕೂ ಹೆಚ್ಚು ಸಲ ಕೊಡುತ್ತದೆ. ಚೂರು ಸರಿದರೂ ಗಟ್ಟಿಯಾಗಿ ಎಳೆದು ಹಿಡಿಯುತ್ತದೆ. ಬೆಲೆ ಏನಪ್ಪ ಅಂದರೆ ಕರೆಂಟ್ ಜಾಸ್ತಿ ಕುಡಿಯುತ್ತದೆ, ಸುಮ್ಮನಿದ್ದಾಗಲೂ ಸೊಳ್ಳೆಯ ಹಾಗೆ ಗುಂಯ್ ಅನ್ನುತ್ತದೆ. ಆ ಸದ್ದಿಗೆ ಹೆದರಬೇಡಿ. ಆದರೆ ಡಿಜಿಟಲ್ ಅಂದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ. ಸಡಿಲ ಗೇರ್‌ನ ಡಿಜಿಟಲ್‌ಗಿಂತ ಬಿಗಿ ಗೇರ್‌ನ ಅನಲಾಗ್ ಎಷ್ಟೋ ಮೇಲು. ಇನ್ನೊಂದು ಎಚ್ಚರಿಕೆ. ಜೈರೋ (ವಿಮಾನದ ಓಲಾಟವನ್ನು ತಾನೇ ತಿದ್ದುವ ಸಾಧನ) ಹಾಕಿ ಸಿಗ್ನಲ್ ವೇಗ ಹೆಚ್ಚಿಸಿದರೆ ಅನಲಾಗ್ ಸರ್ವೋ ಬಿಸಿಯಾಗಿ ಸಾಯುತ್ತದೆ. ಜೈರೋಗೆ ಯಾವ ಥರದ ಸರ್ವೋ ಅಂತ ಸರಿಯಾಗಿ ಹೇಳಿಕೊಡಬೇಕು.

ಗೇರ್ ಲೋಹದ್ದೇ ತಗೊಳ್ಳಿ. ನೈಲಾನ್ ಗೇರ್ ಹೊಸದಿದ್ದಾಗ ಸಡಿಲ ಕಡಿಮೆಯೇ. ಆದರೆ ಇಳಿಯುವಾಗ ಐಲೆರಾನ್ ಒಂದು ಹುಲ್ಲುಗೊಂಚಲಿಗೆ ತಾಗಿದರೂ ಒಂದು ಹಲ್ಲು ಹೋಗುತ್ತದೆ. ಮುಂದಿನ ಹಾರಾಟದಲ್ಲಿ ಆ ಹಲ್ಲಿನ ಹತ್ತಿರ ಬಂದಾಗ ಮಾತ್ರ ಜಾರುತ್ತದೆ. ನೆಲದ ಮೇಲೆ ನೋಡುವಾಗ ಎಲ್ಲ ಸರಿ ಅನ್ನಿಸುತ್ತದೆ, ಇದೇ ಅದರ ಮೋಸ. ಲೋಹದ ಗೇರ್ ಅಷ್ಟು ಸುಲಭಕ್ಕೆ ಮುರಿಯುವುದಿಲ್ಲ, ನಿಧಾನಕ್ಕೆ ಸವೆಯುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಕಡ್ಡಿ ಪರೀಕ್ಷೆ ಮಾಡಿ. ಸಡಿಲ ಬೆಳೆಯಲು ಬಿಟ್ಟರೆ ವೇಗದಲ್ಲಿ ಸರ್ಫೇಸ್ ಪಟಪಟ ಬಡಿದುಕೊಳ್ಳಲು ಶುರುವಾಗುತ್ತದೆ. ಫ್ಲಟರ್ ಅನ್ನುತ್ತಾರೆ. ದೂರದಿಂದ ದೊಡ್ಡ ಜೀರುಂಡೆ ಸದ್ದಿನಂತೆ ಕೇಳುತ್ತದೆ. ಕೇಳಿದ ಕೂಡಲೇ ಥ್ರಾಟಲ್ ಇಳಿಸಿ, ಮೂಗು ಎತ್ತಿ, ಇಳಿಸಿಬಿಡಿ. ಇನ್ನೊಂದು ಸುತ್ತು ಹಾಕುವ ಆಸೆ ಬೇಡ. ಐಲೆರಾನ್ ಕಿತ್ತುಕೊಂಡು ಹೋಗಲು ಎರಡು ಸೆಕೆಂಡ್ ಬೇಕಿಲ್ಲ.

ಈಗ ನೀವು ಕೇಳದೇ ಇರುವ ವಿಷಯ, ನನಗೆ ಒಂದು ವಿಮಾನ ಕಳೆದ ವಿಷಯ: ಕರೆಂಟ್. ಹೊಸ ಡಿಜಿಟಲ್ ಸರ್ವೋ ನಾಲ್ಕು ತಂದೆ, ಹಾಕಿದೆ. ಇಎಸ್‌ಸಿಯೊಳಗಿನ 3 ಆಂಪಿಯರ್ ಬಿಇಸಿಯನ್ನೇ (ರಿಸೀವರ್, ಸರ್ವೋಗಳಿಗೆ ಕರೆಂಟ್ ಕೊಡುವ ಭಾಗ) ನಂಬಿದೆ. ನೆಲದ ಮೇಲೆ ಎಲ್ಲ ಚೆನ್ನಾಗಿತ್ತು. ಆಕಾಶದಲ್ಲಿ ಸ್ನ್ಯಾಪ್ ರೋಲ್ (ಥಟ್ಟನೆ ಒಂದು ಗಿರಕಿ) ಅಂತ ಎಲಿವೇಟರ್, ರಡ್ಡರ್, ಐಲೆರಾನ್ ಮೂರನ್ನೂ ಒಟ್ಟಿಗೆ ಮೂಲೆಗೆ ಒತ್ತಿದೆ. ವಿಮಾನ ತಿರುಗಿತು. ಸ್ಟಿಕ್ ಬಿಟ್ಟೆ, ಅದು ಬಿಡಲಿಲ್ಲ. ನಾಲ್ಕೂ ಸರ್ವೋ ಒಟ್ಟಿಗೆ ಎಳೆದಾಗ ವೋಲ್ಟೇಜ್ ಕುಸಿದು ರಿಸೀವರ್ ನಿಂತು ಮತ್ತೆ ಶುರುವಾಗಿತ್ತು. ಬಹಳಷ್ಟು 2.4 ಗಿಗಾಹರ್ಟ್ಸ್ ರಿಸೀವರ್‌ಗಳು 3.5 ವೋಲ್ಟ್ ಆಸುಪಾಸಿನಲ್ಲಿ ಕೈ ಎತ್ತಿಬಿಡುತ್ತವೆ. ಅದು ಎಚ್ಚರಗೊಳ್ಳುವ ಹೊತ್ತಿಗೆ ವಿಮಾನ ರಾಗಿ ಹೊಲದಲ್ಲಿತ್ತು. ಸರ್ವೋ ತಪ್ಪಲ್ಲ, ಬಿಇಸಿ ತಪ್ಪೂ ಅಲ್ಲ. ನನ್ನ ಲೆಕ್ಕದ ತಪ್ಪು.

ನಿಮ್ಮ 40 ಆಂಪಿಯರ್ ಇಎಸ್‌ಸಿಯ ಮೇಲೆ ಬಿಇಸಿ ಎಷ್ಟು ಆಂಪಿಯರ್ ಅಂತ ಬರೆದಿರುತ್ತದೆ, ನೋಡಿ. 3 ಇದ್ದರೆ ಬೇರೆಯಾಗಿ 5 ಆಂಪಿಯರ್‌ನ ಅಥವಾ ಅದಕ್ಕಿಂತ ದೊಡ್ಡದಾದ ಒಂದು ಸ್ವಿಚಿಂಗ್ ಬಿಇಸಿ ಹಾಕಿ. ಹಾಕುವಾಗ ಇಎಸ್‌ಸಿಯಿಂದ ರಿಸೀವರ್‌ಗೆ ಹೋಗುವ ಕೆಂಪು ತಂತಿಯನ್ನು ಪಿನ್‌ನಿಂದ ಹೊರತೆಗೆದು ಟೇಪ್ ಸುತ್ತಿ. ಎರಡು ಬಿಇಸಿ ಒಂದಕ್ಕೊಂದು ಗುದ್ದಾಡಬಾರದು. ನಿಮ್ಮ ರಿಸೀವರ್ ಐಎ6ಬಿ ಆಗಿದ್ದರೆ ಅದರ ವೋಲ್ಟೇಜ್ ರೇಡಿಯೋ ಪರದೆಯಲ್ಲೇ ಕಾಣುತ್ತದೆ. ನೆಲದ ಮೇಲೆ ಒಬ್ಬರು ಎಲಿವೇಟರ್ ಮತ್ತು ರಡ್ಡರನ್ನು ಮೆತ್ತಗೆ ತಡೆಹಿಡಿಯಲಿ, ನೀವು ಎರಡೂ ಸ್ಟಿಕ್‌ಗಳನ್ನು ಮೂಲೆಯಿಂದ ಮೂಲೆಗೆ ಆಡಿಸಿ. ಸಂಖ್ಯೆ 5ರ ಹತ್ತಿರ ಕದಲದೆ ನಿಂತರೆ ಒಳ್ಳೆಯದು. 4.5ಕ್ಕೆ ಜಾರಿದರೆ ಹಾರಿಸಬೇಡಿ. ಪರದೆಯಲ್ಲಿ ಕಾಣುವುದಕ್ಕಿಂತ ಕ್ಷಣದ ಕುಸಿತ ಇನ್ನೂ ಆಳವಾಗಿರುತ್ತದೆ.

ವೋಲ್ಟೇಜ್ ಬಗ್ಗೆ ಇನ್ನೊಂದು ಮಾತು. 4.8 ಮತ್ತು 6 ಅನ್ನುವ ಸಂಖ್ಯೆಗಳು ಬಂದಿದ್ದು ಹಳೇ ಕಾಲದ 1.2 ವೋಲ್ಟ್ ನಿಕಲ್ ಸೆಲ್‌ಗಳಿಂದ. ನಾಲ್ಕು ಸೆಲ್ 4.8, ಐದು ಸೆಲ್ 6. ಈಗ ಎಚ್‌ವಿ ಅಂತ ಬರೆದ ಸರ್ವೋಗಳು ಎರಡು ಸೆಲ್ ಲಿಪೋ ಬ್ಯಾಟರಿಯನ್ನೂ ತಡೆಯುತ್ತವೆ. ಪೂರ್ತಿ ಚಾರ್ಜ್ ಆದಾಗ ಅದು 8.4 ವೋಲ್ಟ್. ಎಚ್‌ವಿ ಅಂತ ಬರೆಯದ ಸರ್ವೋಗೆ ಅದನ್ನು ಕೊಟ್ಟರೆ ಹೊಗೆ ಗ್ಯಾರಂಟಿ. ನಿಮ್ಮ ಅಳತೆಗೆ ಎಚ್‌ವಿ ಬೇಕಿಲ್ಲ.

ಹಾಗಾದರೆ ಏನು ಕೊಳ್ಳಬೇಕು? ಎರಡು ಐಲೆರಾನ್ ಮತ್ತು ಎಲಿವೇಟರ್‌ಗೆ 12 ಗ್ರಾಂ ವರ್ಗದ, ಲೋಹದ ಗೇರ್‌ನ, 6 ವೋಲ್ಟ್‌ನಲ್ಲಿ 2 ಕೆ.ಜಿ-ಸೆಂ.ಮೀ ದಾಟುವ ಸರ್ವೋ. ಮೇಲೆ ಹೇಳಿದ ಎಚ್‌ಎಸ್-65ಎಂಜಿ ಇದೇ ವರ್ಗದ್ದು, 6 ವೋಲ್ಟ್‌ನಲ್ಲಿ 2.2 ಕೆ.ಜಿ, 0.11 ಸೆಕೆಂಡ್. ಅದು ಕೈಗೆಟುಕದಿದ್ದರೆ ಇಮ್ಯಾಕ್ಸ್ ಇಎಸ್08ಎಂಎ ನೋಡಿ. 12 ಗ್ರಾಂ, ಲೋಹದ ಗೇರ್, ಅನಲಾಗ್. ಇಎಸ್08ಎಂಡಿ ಅನ್ನುವುದು ಅದರ ಡಿಜಿಟಲ್ ಅಣ್ಣ. ರಡ್ಡರ್‌ಗೆ ಒಂದು ಮೆಟ್ಟಿಲು ಮೇಲೆ, 3 ಕೆ.ಜಿ ದಾಟುವುದು. ಹೈಟೆಕ್ ಎಚ್‌ಎಸ್-82ಎಂಜಿ 19 ಗ್ರಾಂ, 6 ವೋಲ್ಟ್‌ನಲ್ಲಿ 3.4 ಕೆ.ಜಿ, 0.10 ಸೆಕೆಂಡ್. ನಿಮ್ಮ ರಡ್ಡರ್‌ಗೆ ಹೇಳಿ ಮಾಡಿಸಿದ ಹಾಗಿದೆ. ಇದು ಸ್ವಲ್ಪ ದಪ್ಪ, ಈಗಿನ ತೂತಿಗೆ ಕೂರುವುದಿಲ್ಲ. ಬಾಲ್ಸಾ ಕತ್ತರಿಸುವ ಮೊದಲು ಸರ್ವೋ ಕೈಯಲ್ಲಿರಲಿ. ಇದನ್ನು ಬಾಲದಲ್ಲಿ ಕೂರಿಸಿದರೆ ತೂಕದ ಕೇಂದ್ರ ಮತ್ತೆ ನೋಡಿಕೊಳ್ಳಿ. ಸಾಧ್ಯವಾದರೆ ರೆಕ್ಕೆಯ ಹತ್ತಿರ ಇಟ್ಟು ಎರಡು ತೆಳು ಕೇಬಲ್ ಎಳೆದು ರಡ್ಡರ್ ಆಡಿಸಿ.

ಒಟ್ಟಿಗೆ ನಾಲ್ಕು ಕೊಳ್ಳಲು ದುಡ್ಡಿಲ್ಲ ಅಂದರೆ ಮೊದಲು ಎಲಿವೇಟರ್ ಒಂದನ್ನೇ ಬದಲಿಸಿ. ನಿಮ್ಮ ಈಗಿನ ಗೋಳು ಅಲ್ಲಿಗೇ ಮುಕ್ಕಾಲು ಮುಗಿಯುತ್ತದೆ. ಮುಂದಿನ ತಿಂಗಳು ಐಲೆರಾನ್ ಜೋಡಿ. ಐಲೆರಾನ್‌ಗೆ ಒಂದು ಹಳೇದು, ಒಂದು ಹೊಸದು ಬೇಡ, ಎರಡೂ ಒಂದೇ ಜಾತಿ ಇರಲಿ. ಹೋವರಿಂಗ್, ನೈಫ್ ಎಡ್ಜ್ ಶುರುಮಾಡುವ ಮೊದಲು ರಡ್ಡರ್.

ಕೊಳ್ಳುವಾಗ ಮೂರು ಕಡೆ ಜನ ಏಮಾರುತ್ತಾರೆ. ಬೆಂಗಳೂರಿನ ಎಸ್‌ಪಿ ರೋಡಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಇದೇ ಕಥೆ. ಒಂದು, ಅದೇ ಹೆಸರಿನ 360 ಡಿಗ್ರಿ ಸರ್ವೋ. ಅದು ರೋಬಾಟ್ ಚಕ್ರಕ್ಕೆ. ಒಂದೇ ಸಮ ಸುತ್ತುತ್ತದೆ, ನಡು ಅನ್ನುವುದೇ ಗೊತ್ತಿಲ್ಲ. ಎರಡು, ಹೆಲಿಕಾಪ್ಟರ್ ಬಾಲದ ಸರ್ವೋ. ಕೆಲವದರ ನಡು ಮೇಲೆ ಹೇಳಿದ 1.5 ಮಿಲಿಸೆಕೆಂಡ್ (1500 ಮೈಕ್ರೋಸೆಕೆಂಡ್) ಆಸುಪಾಸಿನಲ್ಲಿಲ್ಲ, 760 ಮೈಕ್ರೋಸೆಕೆಂಡ್. ನಮ್ಮ ರಿಸೀವರ್‌ಗೆ ಜೋಡಿಸಿದರೆ ಒಂದು ಮೂಲೆಗೆ ಹೋಗಿ ಒದ್ದಾಡುತ್ತದೆ. ವೇಗ ನೋಡಿ ಮರುಳಾಗಿ ಇದನ್ನೇ ತಂದವರನ್ನು ನೋಡಿದ್ದೇನೆ. ಮೂರು, ನಕಲಿ ಸ್ಟಿಕ್ಕರ್. ಹೊರಗೆ ಲೋಹದ ಹಲ್ಲು ಕಾಣುತ್ತದೆ, ಒಳಗಿನ ಗೇರ್ ಪ್ಲಾಸ್ಟಿಕ್. ತಳದ ನಾಲ್ಕು ಸ್ಕ್ರೂ ಬಿಚ್ಚಿ ಮೇಲಿನ ಮುಚ್ಚಳ ಮೆತ್ತಗೆ ಎತ್ತಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಗೇರ್ ಬೀಳದ ಹಾಗೆ ಹಿಡಿಯಿರಿ, ಫೋಟೋ ತೆಗೆದಿಡಿ. ತೋಳುಗಳ ಹಲ್ಲಿನ ಲೆಕ್ಕವೂ ಕಂಪನಿಯಿಂದ ಕಂಪನಿಗೆ ಬೇರೆ. ದೊಡ್ಡ ಸರ್ವೋಗಳಲ್ಲೇ 23, 24, 25 ಅಂತ ಮೂರು ಥರ ಇವೆ. ಒಂದರ ತೋಳನ್ನು ಇನ್ನೊಂದಕ್ಕೆ ಒತ್ತಿ ಕೂರಿಸಿದರೆ ಕೂತ ಹಾಗೆ ಕಾಣುತ್ತದೆ, ಆಕಾಶದಲ್ಲಿ ಜಾರುತ್ತದೆ. ಡಬ್ಬದಲ್ಲಿ ಬಂದ ತೋಳನ್ನೇ ಬಳಸಿ, ನಡುವಿನ ಸ್ಕ್ರೂ ಮರೆಯಬೇಡಿ.

ಹೊಸ ಸರ್ವೋ ಹಾಕುವಾಗ ರೇಡಿಯೋದ ಟ್ರಿಮ್, ಸಬ್‌ಟ್ರಿಮ್ ಎಲ್ಲ ಸೊನ್ನೆಗೆ ತನ್ನಿ. ಹಳೇ ಟ್ರಿಮ್ ಹಳೇ ಸರ್ವೋದ ಸುಳ್ಳಿಗೆ ಹೊಂದಿಸಿದ್ದು. ಸರ್ವೋ ನಡುವಿನಲ್ಲಿದ್ದಾಗ ತೋಳು ಪುಶ್‌ರಾಡ್‌ಗೆ 90 ಡಿಗ್ರಿ ಇರಲಿ, ಎಲಿವೇಟರ್ ನೆಟ್ಟಗಾಗುವಂತೆ ಪುಶ್‌ರಾಡ್ ಉದ್ದವನ್ನೇ ತಿದ್ದಿ. ಆಮೇಲೆ ಸ್ಟಿಕ್ ಪೂರ್ತಿ ಒತ್ತಿ ಕಿವಿ ಕೊಡಿ. ತುದಿಯಲ್ಲಿ ಜೋರಾಗಿ ಗುರ್ ಅಂದರೆ ಎಲ್ಲೋ ತಡೆಯುತ್ತಿದೆ, ಬಿಡಿಸಿ. ಹಾರಿಸಿ ಇಳಿಸಿದ ಕೂಡಲೇ ಸರ್ವೋ ಮೇಲೆ ಬೆರಳಿಡಿ. ಬೆಚ್ಚಗಿದ್ದರೆ ಸರಿ, ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ಮತ್ತೆ ಹಾರಿಸುವ ಮುಂಚೆ ಕಾರಣ ಹುಡುಕಿ.

ಹಳೇ ಎಸ್‌ಜಿ90 ನಾಲ್ಕನ್ನೂ ಎಸೆಯಬೇಡಿ. ಕಡ್ಡಿ ಪರೀಕ್ಷೆಯಲ್ಲಿ ಪಾಸಾದವು ಟ್ರೈನರ್‌ಗೇ ವಾಪಸ್ ಹೋಗಲಿ, ಅಲ್ಲಿ ಅವು ಇನ್ನೂ ದುಡಿಯುತ್ತವೆ. ನಿಮ್ಮ ಎಲಿವೇಟರ್ ಸರ್ವೋದ ಎರಡು ಗೆರೆಗಳ ನಡುವೆ ಎಷ್ಟು ಮಿ.ಮೀ ಬಂತು ಅಂತ ಬರೆಯಿರಿ. ನನ್ನ 6ನ್ನು ಮೀರಿಸಿದಿರೋ ನೋಡೋಣ.